ಜ್ವರವಿಲ್ಲ, ಉರಿಯಿಲ್ಲ, ರಿಪೋರ್ಟಿನಲ್ಲಿ ಮಾತ್ರ ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಬಸವೇಶ್ವರನಗರದಲ್ಲಿ ನಮ್ಮ ಜೊತೆಯಲ್ಲೇ ಇದ್ದಾರೆ. ಎರಡೂವರೆ ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆರು ದಿನ ಕ್ಯಾಥೆಟರ್ ಹಾಕಿದ್ದರು. ಎಂಟನೆಯ ದಿನ ಚಳಿಜ್ವರ ಬಂದು, ಮೂತ್ರದ ಕಲ್ಚರ್‌ನಲ್ಲಿ ‘ಇ. ಕೋಲೈ, ಇಎಸ್‌ಬಿಎಲ್ ಪಾಸಿಟಿವ್’ ಎಂದು ಬಂತು. ಏಳು ದಿನ ಮೆರೊಪೆನೆಮ್ ಕೊಟ್ಟ ಮೇಲೆ ಗುಣವಾಯಿತು. ಈಗ ಜ್ವರವಿಲ್ಲ, ಉರಿಯಿಲ್ಲ, ವಾಕರ್ ಹಿಡಿದು ಓಡಾಡುತ್ತಾರೆ. ಕಳೆದ ವಾರ ಮೂತ್ರ ವಾಸನೆ ಬರುತ್ತಿದೆ ಎಂದು ನಾವೇ ಮತ್ತೆ ಕಲ್ಚರ್ ಮಾಡಿಸಿದೆವು. ಬೆಳಿಗ್ಗೆ 6ಕ್ಕೆ ಹಿಡಿದಿಟ್ಟದ್ದನ್ನು ಆಫೀಸಿಗೆ ಹೋಗುವಾಗ 10 ಗಂಟೆಗೆ ಲ್ಯಾಬಿಗೆ ಕೊಟ್ಟೆ. ‘ಕ್ಲೆಬ್ಸಿಯೆಲ್ಲಾ, 1 ಲಕ್ಷಕ್ಕೂ ಹೆಚ್ಚು’ ಎಂದು ಬಂದಿದೆ. ಮೆರೊಪೆನೆಮ್ ಸೇರಿ ಬಹುತೇಕ ಎಲ್ಲ ಔಷಧಿಗಳ ಮುಂದೆ ‘ಆರ್’ (ಬಗ್ಗದು), ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಮುಂದೆ ಮಾತ್ರ ‘ಐ’ (ನಡುವಿನದು). ಹಿಂದಿನ ಬ್ಯಾಕ್ಟೀರಿಯಾವೇ ಹೀಗೆ ಬದಲಾಯಿತೇ? ಅಮ್ಮ ವರ್ಷಗಳಿಂದ ಸಣ್ಣ ಜ್ವರಕ್ಕೂ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ಎರಡು ದಿನ ನುಂಗಿ ಬಿಡುತ್ತಿದ್ದರು. ಅವರ ದೇಹ ಔಷಧಿಗೆ ಒಗ್ಗಿಹೋಗಿದೆಯೇ? ಸಂಬಂಧಿಕರೊಬ್ಬರು ಹತ್ತು ದಿನ ಕೊಲಿಸ್ಟಿನ್ ಕೊಡಿಸಿಬಿಡಿ ಎನ್ನುತ್ತಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ, ಅಜ್ಜಿಯ ಕೈತುತ್ತು ಇಲ್ಲದೆ ಉಣ್ಣುವುದಿಲ್ಲ. ಒಂದು ವಾರದಿಂದ ಅದನ್ನೂ ನಿಲ್ಲಿಸಿದ್ದೇವೆ.

ಉತ್ತರ: ನಿಮಗೆ ತುರ್ತಾಗಿ ಬೇಕಿರುವುದನ್ನು ಮೊದಲು ಹೇಳುತ್ತೇನೆ. ನೀವು ಬರೆದಿರುವಂತೆ ತಾಯಿಯವರಿಗೆ ಜ್ವರ, ಚಳಿ, ಉರಿಮೂತ್ರ, ಕೆಳಹೊಟ್ಟೆ ಅಥವಾ ಪಕ್ಕೆಯ ನೋವು ಯಾವುದೂ ಇಲ್ಲವೆಂದಾದರೆ, ಈ ಒಂದು ರಿಪೋರ್ಟನ್ನು ನೋಡಿ ಕೊಲಿಸ್ಟಿನ್ ಆಗಲಿ ಬೇರೆ ಯಾವ ಆ್ಯಂಟಿಬಯಾಟಿಕ್ ಆಗಲಿ ಕೊಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅವರನ್ನು ನೋಡುತ್ತಿರುವ ವೈದ್ಯರಿಗೆ ರಿಪೋರ್ಟನ್ನು ಖಂಡಿತ ತೋರಿಸಿ. ಆದರೆ ರಿಪೋರ್ಟಿನ ಜೊತೆ ತಾಯಿಯವರನ್ನೂ ಕರೆದುಕೊಂಡು ಹೋಗಿ. ಬೆಂಗಳೂರಿನ ಲ್ಯಾಬ್‌ಗಳಲ್ಲಿ ಇಂಥ ರಿಪೋರ್ಟುಗಳಿಗೆ ಸಹಿ ಹಾಕುತ್ತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿರುವ ನಾನು ಕಂಡಂತೆ, ಈ ವಿಷಯದಲ್ಲಿ ಆಗುವ ಅತಿ ದೊಡ್ಡ ಹಾನಿ ರೋಗಿಯನ್ನು ಬಿಟ್ಟು ಕಾಗದಕ್ಕೆ ಚಿಕಿತ್ಸೆ ಕೊಡುವುದರಿಂದಲೇ ಆಗುತ್ತದೆ.

ಇನ್ನು ದೇಹ ಒಗ್ಗಿಹೋಗುವ ಮಾತು. ಇದು ಬಹಳ ಮನೆಗಳಲ್ಲಿ ಇರುವ ನಂಬಿಕೆ, ಆದರೆ ನಿಜವಲ್ಲ. ಒಗ್ಗುವುದು ನಮ್ಮ ದೇಹವಲ್ಲ, ಅದರೊಳಗಿರುವ ಬ್ಯಾಕ್ಟೀರಿಯಾ. ಅದೂ ಒಂದೊಂದು ಬ್ಯಾಕ್ಟೀರಿಯಾ ನಿಧಾನವಾಗಿ ಅಭ್ಯಾಸ ಮಾಡಿಕೊಳ್ಳುವುದರಿಂದಲ್ಲ. ಔಷಧಿಯನ್ನು ಒಡೆಯಬಲ್ಲವು ಉಳಿದು, ಒಡೆಯಲಾರದವು ಸಾಯುವುದರಿಂದ ಹಾಗಾಗುತ್ತದೆ. ನಾಳೆ ತಾಯಿಯವರಿಗೆ ಬೇರೆ ಬ್ಯಾಕ್ಟೀರಿಯಾದಿಂದ ಸೋಂಕು ಬಂದರೆ, ಸಾಮಾನ್ಯ ಔಷಧಿಯೇ ಅವರಿಗೆ ಚೆನ್ನಾಗಿ ಕೆಲಸ ಮಾಡಬಹುದು.

ಈ ಒಡೆಯುವ ಶಕ್ತಿ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿದೆ. ಬ್ಯಾಕ್ಟೀರಿಯಾದ ಸುತ್ತ ಒಂದು ಗೋಡೆಯಿದೆ. ಅದನ್ನು ಕಟ್ಟುವ ಕಿಣ್ವಗಳನ್ನು ಗಾರೆ ಕೆಲಸದ ಮೇಸ್ತ್ರಿಗಳೆಂದು ಭಾವಿಸಿ. ಪೆನಿಸಿಲಿನ್, ಸೆಫಲೊಸ್ಪೊರಿನ್, ಮೆರೊಪೆನೆಮ್ ಇವೆಲ್ಲದರ ಒಳಗೆ ನಾಲ್ಕು ಮೂಲೆಯ ಒಂದು ಸಣ್ಣ ಉಂಗುರವಿದೆ. ಅದರ ಹೆಸರು ಬೀಟಾ-ಲ್ಯಾಕ್ಟಮ್. ನೋಟಕ್ಕೆ ಅದು ಗೋಡೆಯ ಇಟ್ಟಿಗೆಯ ತುದಿಯಂತೆಯೇ ಇರುತ್ತದೆ. ಮೇಸ್ತ್ರಿ ಮೋಸಹೋಗಿ ಅದನ್ನು ಕೈಗೆತ್ತಿಕೊಂಡರೆ ಕೈ ಅಂಟಿಕೊಂಡುಬಿಡುತ್ತದೆ, ಗೋಡೆಯ ಕೆಲಸ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಬಹಳ ಹಿಂದೆ, ಮನುಷ್ಯರೇ ಇಲ್ಲದ ಕಾಲದಲ್ಲಿ, ಇಂಥ ಮೇಸ್ತ್ರಿಗಳ ವಂಶದಲ್ಲೇ ಒಂದು ಕವಲು, ಅಂಟಿಕೊಂಡ ಕೈಯನ್ನು ನೀರಿನ ಒಂದು ಅಣುವಿನ ಸಹಾಯದಿಂದ ಬಿಡಿಸಿಕೊಳ್ಳುವ ಸಾಮರ್ಥ್ಯ ಪಡೆಯಿತು. ಹಾಗೆ ಬಿಡಿಸಿಕೊಳ್ಳುವಾಗ ಔಷಧಿಯ ಉಂಗುರ ಮುರಿದುಹೋಗುತ್ತದೆ. ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವಗಳ ದೊಡ್ಡ ಪಂಗಡ ಹೀಗೆ ಹುಟ್ಟಿದ್ದು. ಇವುಗಳಲ್ಲಿ ಚುರುಕಾದ ಒಂದು ಅಣು ಸೆಕೆಂಡಿಗೆ ಸಾವಿರದಷ್ಟು ಪೆನಿಸಿಲಿನ್ ಅಣುಗಳನ್ನು ಮುರಿಯಬಲ್ಲದು.

ಮಣ್ಣಿನಲ್ಲಿ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಪರಸ್ಪರ ಇಂಥ ವಿಷಗಳನ್ನು ಪ್ರಯೋಗಿಸುತ್ತ ಬಂದಿರುವುದರಿಂದ, ಪ್ರತಿರೋಧವೂ ಅಷ್ಟೇ ಹಳೆಯದು. ಕೆನಡಾದ ಯೂಕಾನ್ ಪ್ರದೇಶದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲೂ ಈ ಬಗೆಯ ಜೀನ್‌ಗಳು ಸಿಕ್ಕಿವೆ. 2011ರಲ್ಲಿ ಆ ವಿವರ ಪ್ರಕಟವಾಯಿತು. ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು 1928ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಅಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು ಅದನ್ನು ನಾಶಮಾಡುವ ಕಿಣ್ವವೊಂದನ್ನು ವರದಿ ಮಾಡಿದ್ದು 1940ರಲ್ಲಿ, ಎಂದರೆ ಪೆನಿಸಿಲಿನ್ ಆಸ್ಪತ್ರೆಗಳಲ್ಲಿ ಬಳಕೆಗೆ ಬರುವುದಕ್ಕೂ ಮೊದಲು. ಔಷಧಿ ಈ ಕಿಣ್ವವನ್ನು ಹುಟ್ಟಿಸುವುದಿಲ್ಲ. ಇರುವವುಗಳಲ್ಲಿ ಇದನ್ನು ಆರಿಸಿ ಬೆಳೆಸುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಆರಿಸುವಿಕೆ ಎಷ್ಟು ಸೂಕ್ಷ್ಮವಾಗಿ ನಡೆಯುತ್ತದೆ ಎಂಬುದಕ್ಕೆ ಟೆಮ್-1 ಎಂಬ ಕಿಣ್ವ ಒಳ್ಳೆಯ ಉದಾಹರಣೆ. 1960ರ ದಶಕದಲ್ಲಿ ಅಥೆನ್ಸ್ ನಗರದ ರೋಗಿಯೊಬ್ಬರ ಮಾದರಿಯಲ್ಲಿ ಅದು ಮೊದಲು ಸಿಕ್ಕಿತು. ಅದು ಆ್ಯಂಪಿಸಿಲಿನ್ ಅನ್ನು ಸಲೀಸಾಗಿ ಮುರಿಯುತ್ತಿತ್ತು, ಆದರೆ ಮುಂದೆ ಬಂದ ಸೆಫೊಟ್ಯಾಕ್ಸಿಮ್‌ನಂಥ ಔಷಧಿಗಳು ದೊಡ್ಡದಾದ್ದರಿಂದ ಅದರ ಬಾಯಿಯೊಳಗೆ ಹಿಡಿಯುತ್ತಿರಲಿಲ್ಲ. ಆಗ ಆದದ್ದೇನೆಂದರೆ, ಸುಮಾರು 260 ಅಮೈನೋ ಆಮ್ಲಗಳ ಆ ಸರಪಳಿಯಲ್ಲಿ 238ನೆಯ ಸ್ಥಾನದ ಗ್ಲೈಸಿನ್ ಹೋಗಿ ಸೆರಿನ್ ಬಂದ ಕಿಣ್ವಗಳು ಕಾಣಿಸಿಕೊಂಡವು. ಅಷ್ಟೇ ಬದಲಾವಣೆಯಿಂದ ಬಾಯಿ ಅಗಲವಾಯಿತು. ಆದರೆ ಅಗಲವಾದ ಕಿಣ್ವ ಸ್ವಲ್ಪ ಸಡಿಲವೂ ಆಯಿತು, ಬೇಗ ಕುಸಿಯತೊಡಗಿತು. ದೂರದ 182ನೆಯ ಸ್ಥಾನದಲ್ಲಿ ಆಗುವ ಇನ್ನೊಂದು ಬದಲಾವಣೆ ಅದಕ್ಕೆ ಮತ್ತೆ ಗಟ್ಟಿತನ ಕೊಟ್ಟಿತು. ಇವುಗಳಲ್ಲಿ ಯಾವುದೂ ಉದ್ದೇಶವಿಟ್ಟು ಆದದ್ದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಒಂದು ಇ. ಕೋಲೈ, 6 ಗಂಟೆ 40 ನಿಮಿಷದಲ್ಲಿ ಹತ್ತು ಲಕ್ಷಕ್ಕೂ ಮೀರುತ್ತದೆ. ಅಷ್ಟು ನಕಲುಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ, ಮತ್ತು ಔಷಧಿ ಇರುವ ಜಾಗದಲ್ಲಿ ಆ ತಪ್ಪೇ ಬದುಕಿಸುತ್ತದೆ. ಇಂಥ ‘ಬಾಯಿ ಅಗಲಿಸಿಕೊಂಡ’ ಕಿಣ್ವಗಳಿಗೇ ಇಎಸ್‌ಬಿಎಲ್ ಎಂದು ಹೆಸರು. ಮೊದಲ ವರದಿ 1983ರಲ್ಲಿ ಜರ್ಮನಿಯಿಂದ ಬಂತು.

ನಿಮ್ಮ ತಾಯಿಯವರ ಮೊದಲ ರಿಪೋರ್ಟಿನ ಹಿಂದೆ ನಮ್ಮ ಮೇಜಿನ ಮೇಲೆ ಏನು ನಡೆದಿರುತ್ತದೆ ಎಂಬುದನ್ನೂ ಹೇಳುತ್ತೇನೆ. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಸಮನಾಗಿ ಸವರಿ, ಔಷಧಿ ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು, ರಾತ್ರಿಯಿಡೀ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ಬೆಳಿಗ್ಗೆ ತೆಗೆದಾಗ ತಟ್ಟೆಯ ತುಂಬ ಮಂಜು ಕಟ್ಟಿದಂತೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಕೆಲಸ ಮಾಡಿದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ. ಇಎಸ್‌ಬಿಎಲ್ ಇದ್ದಾಗ ಸೆಫೊಟ್ಯಾಕ್ಸಿಮ್ ಬಿಲ್ಲೆಯ ಸುತ್ತ ವೃತ್ತ ಕಿರಿದಾಗಿರುತ್ತದೆ. ಆದರೆ ಪಕ್ಕದಲ್ಲಿ ಕ್ಲಾವುಲಾನಿಕ್ ಆಮ್ಲದ ಬಿಲ್ಲೆಯಿದ್ದರೆ, ಅದರ ಕಡೆಗೆ ಮಾತ್ರ ಆ ವೃತ್ತ ಉಬ್ಬಿ ಬೀಗದ ರಂಧ್ರದ ಆಕಾರ ತಾಳುತ್ತದೆ. ಕ್ಲಾವುಲಾನಿಕ್ ಆಮ್ಲ ಕಿಣ್ವದ ಬಾಯಿಗೆ ಸಿಕ್ಕಿಕೊಂಡು ಅದನ್ನು ಕಟ್ಟಿಹಾಕಿದೆ, ಆ ಸಂದಿಯಲ್ಲಿ ಸೆಫೊಟ್ಯಾಕ್ಸಿಮ್ ಮತ್ತೆ ಕೆಲಸ ಮಾಡಿದೆ ಎಂದರ್ಥ. ಸಾವಿರಾರು ಸಲ ನೋಡಿದ ಮೇಲೂ ಆ ಆಕಾರ ಕಂಡಾಗ ನಾನು ತಟ್ಟೆಯನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ನಿಲ್ಲುತ್ತೇನೆ. ಬರಿಗಣ್ಣಿಗೆ ಎಂದೂ ಕಾಣದ ಒಂದು ಅಣುವಿನ ಕೆಲಸ ಅಲ್ಲಿ ಕಣ್ಣಿಗೆ ಕಾಣುತ್ತಿರುತ್ತದೆ.

ಇಷ್ಟೇ ಆಗಿದ್ದರೆ ಪ್ರತಿಯೊಂದು ಬ್ಯಾಕ್ಟೀರಿಯಾ ಸ್ವಂತವಾಗಿ ಈ ಸಾಮರ್ಥ್ಯ ಪಡೆಯಬೇಕಿತ್ತು. ಹಾಗಿಲ್ಲ. ಈ ಜೀನ್‌ಗಳು ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಗಳ ಮೇಲಿರುತ್ತವೆ, ಮತ್ತು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ಆ ಬಳೆಯ ನಕಲನ್ನು ದಾಟಿಸಬಲ್ಲದು. ಇಂದು ಹೆಚ್ಚಾಗಿ ಕಾಣುವ ಸಿಟಿಎಕ್ಸ್-ಎಮ್ ಎಂಬ ಇಎಸ್‌ಬಿಎಲ್ ಕಿಣ್ವಗಳು ಕ್ಲುಯ್‌ವೆರಾ ಎಂಬ, ಮನುಷ್ಯರಿಗೆ ತೀರ ಅಪರೂಪಕ್ಕೆ ರೋಗ ತರುವ ಬ್ಯಾಕ್ಟೀರಿಯಾದ ಸ್ವಂತ ಆಸ್ತಿಯಾಗಿದ್ದವು. ಅಲ್ಲಿಂದ ಪ್ಲಾಸ್ಮಿಡ್ ಏರಿ ಇ. ಕೋಲೈಗೂ ಕ್ಲೆಬ್ಸಿಯೆಲ್ಲಾಗೂ ಹರಡಿದವು. ಮೆರೊಪೆನೆಮ್ ಅನ್ನೂ ಮುರಿಯುವ ಎನ್‌ಡಿಎಂ-1 ಕಿಣ್ವ, ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ ಪತ್ತೆಯಾಗಿ 2009ರಲ್ಲಿ ವರದಿಯಾಯಿತು. ಅದರ ಕೆಲಸದ ಬಗೆಯೇ ಬೇರೆ: ಅಂಟಿಕೊಳ್ಳುವ ಕೈ ಅದಕ್ಕಿಲ್ಲ, ಸತುವಿನ ಎರಡು ಪರಮಾಣುಗಳ ನೆರವಿನಿಂದ ನೇರವಾಗಿ ಉಂಗುರವನ್ನು ಕತ್ತರಿಸುತ್ತದೆ. ಆದ್ದರಿಂದಲೇ ಕ್ಲಾವುಲಾನಿಕ್ ಆಮ್ಲದಂಥ ತಡೆಗಳು ಅದಕ್ಕೆ ತಟ್ಟುವುದಿಲ್ಲ. ನಮ್ಮ ದೇಶದ ಕ್ಲೆಬ್ಸಿಯೆಲ್ಲಾಗಳಲ್ಲಿ ಎನ್‌ಡಿಎಂ ಮತ್ತು ಆಕ್ಸಾ-48 ಬಳಗದ ಕಿಣ್ವಗಳು ಹೆಚ್ಚು; ಎರಡೂ ಒಂದೇ ಬ್ಯಾಕ್ಟೀರಿಯಾದಲ್ಲಿ ಇರುವುದೂ ಉಂಟು.

ಹಾಗಾದರೆ ನಿಮ್ಮ ತಾಯಿಯವರಲ್ಲಿ ಆದದ್ದೇನು? ಇ. ಕೋಲೈ ಕ್ಲೆಬ್ಸಿಯೆಲ್ಲಾ ಆಗಿ ಬದಲಾಗಲಾರದು. ಅವೆರಡೂ ಬೇರೆ ಬೇರೆ ಜಾತಿಗಳು. ಆಸ್ಪತ್ರೆಯಲ್ಲಿದ್ದಾಗಲೋ ಅದಕ್ಕೆ ಮೊದಲೋ ಈ ಕ್ಲೆಬ್ಸಿಯೆಲ್ಲಾ ಅವರ ಕರುಳಿಗೆ ಸೇರಿರಬೇಕು. ಮೆರೊಪೆನೆಮ್ ಕೊಟ್ಟ ಏಳು ದಿನಗಳಲ್ಲಿ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳು ಬಹಳಷ್ಟು ಸತ್ತು, ಇದಕ್ಕೆ ಜಾಗ ತೆರವಾಗಿ, ಅಲ್ಲಿಂದ ಮೂತ್ರದ ದಾರಿಗೆ ಬಂದಿರುವ ಸಾಧ್ಯತೆ ಹೆಚ್ಚು. ಹಾಗೆಂದು ಮೆರೊಪೆನೆಮ್ ಕೊಟ್ಟದ್ದು ತಪ್ಪೆಂದು ಭಾವಿಸಬೇಡಿ. ಚಳಿಜ್ವರ ಬಂದಿದ್ದ ವಯಸ್ಸಾದವರಿಗೆ, ಇಎಸ್‌ಬಿಎಲ್ ಇದ್ದಾಗ, ಅದು ಸರಿಯಾದ ಆಯ್ಕೆಯೇ ಆಗಿತ್ತು. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ದ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೈಪರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎಂಬ ಇನ್ನೊಂದು ಔಷಧಿ ಪಡೆದವರಲ್ಲಿ 30 ದಿನಗಳೊಳಗೆ ತೀರಿಕೊಂಡವರು ಶೇ 12.3, ಮೆರೊಪೆನೆಮ್ ಪಡೆದವರಲ್ಲಿ ಶೇ 3.7. ಕರುಳಿನಲ್ಲಿ ಕ್ಲೆಬ್ಸಿಯೆಲ್ಲಾಗೆ ಜಾಗ ತೆರವಾದದ್ದು ಬೇಕಾದಾಗ ಕೊಟ್ಟ ಔಷಧಿಯ ಬೆಲೆ, ಮತ್ತು ತೆರಲು ಯೋಗ್ಯವಾದ ಬೆಲೆ.

ಮೆಡಿಕಲ್ ಶಾಪಿನ ಎರಡು ದಿನದ ಮಾತ್ರೆಗಳ ವಿಷಯದಲ್ಲಿ ತಾಯಿಯವರನ್ನು ಈಗ ದೂರುವುದರಲ್ಲಿ ಅರ್ಥವಿಲ್ಲ. ಅಲ್ಲಿ ತಪ್ಪಿದ್ದದ್ದು ಕೋರ್ಸ್ ಮುಗಿಸದ್ದಕ್ಕಿಂತ ಹೆಚ್ಚಾಗಿ, ಬೇಡದ ಮಾತ್ರೆಯನ್ನು ಶುರುಮಾಡಿದ್ದು. ನೆಗಡಿ ಜ್ವರಗಳು ಬಹುಪಾಲು ವೈರಸ್ಸಿನಿಂದ ಬರುತ್ತವೆ. ಪ್ರತಿ ಹೆಚ್ಚುವರಿ ದಿನದ ಮಾತ್ರೆಯೂ ಕರುಳಿನಲ್ಲಿ ಆರಿಸುವಿಕೆಯನ್ನು ಮುಂದುವರಿಸುತ್ತದೆ, ಆದ್ದರಿಂದ ಈಗ ಅನೇಕ ಸೋಂಕುಗಳಿಗೆ ವೈದ್ಯರೇ ಕಡಿಮೆ ದಿನಗಳ ಕೋರ್ಸ್ ಬರೆಯುತ್ತಾರೆ. ಆದರೆ ಎಷ್ಟು ದಿನವೆಂಬುದನ್ನು ಅವರೇ ನಿರ್ಧರಿಸಬೇಕು, ನಾವು ನಡುವೆ ನಿಲ್ಲಿಸಬಾರದು. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಷೆಡ್ಯೂಲ್ ಎಚ್-1 ನಿಯಮದ ಪ್ರಕಾರ ಮೂರನೆಯ ತಲೆಮಾರಿನ ಸೆಫಲೊಸ್ಪೊರಿನ್‌ಗಳನ್ನೂ ಮೆರೊಪೆನೆಮ್ ಬಳಗದ ಕಾರ್ಬಪೆನೆಮ್‌ಗಳನ್ನೂ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು.

ಈಗ ಆ ಎರಡನೆಯ ಮಾದರಿಗೆ ಬರೋಣ. ಬೆಳಿಗ್ಗೆ 6ಕ್ಕೆ ಹಿಡಿದದ್ದನ್ನು 10ಕ್ಕೆ ಕೊಟ್ಟೆ ಎಂದು ನೀವು ಬರೆದ ಸಾಲನ್ನು ನಾನು ಎರಡು ಸಲ ಓದಿದೆ. ಮೂತ್ರ ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು, ಇಲ್ಲವೇ ಫ್ರಿಜ್ಜಿನಲ್ಲಿರಬೇಕು. ಹೊರಗಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ನಿಧಾನವಾಗಿ, 40 ನಿಮಿಷಕ್ಕೊಮ್ಮೆ ಇಮ್ಮಡಿಯಾದರೂ ನಾಲ್ಕು ಗಂಟೆಯಲ್ಲಿ 64 ಪಟ್ಟಾಗುತ್ತದೆ. ಹಿಡಿಯುವಾಗ ಚರ್ಮದಿಂದ ಸೇರಿದ ಎರಡು ಸಾವಿರ ಬ್ಯಾಕ್ಟೀರಿಯಾ, ವಿಜಯನಗರದ ಸಿಗ್ನಲ್ಲುಗಳನ್ನು ದಾಟಿ ಲ್ಯಾಬ್ ಮುಟ್ಟುವಷ್ಟರಲ್ಲಿ ‘1 ಲಕ್ಷಕ್ಕೂ ಹೆಚ್ಚು’ ಆಗಬಹುದು. ಈ ನಗರದ ಸಂಚಾರದಲ್ಲಿ ಇದು ನಾವು ದಿನವೂ ಎದುರಿಸುವ ತೊಂದರೆ, ಮತ್ತು ಐಸ್ ಪೆಟ್ಟಿಗೆಯಿಲ್ಲದೆ ಬಂದ ಮಾದರಿಯನ್ನು ಹಿಂದಕ್ಕೆ ಕಳಿಸಿದಾಗ ಜನ ನಮ್ಮ ಮೇಲೆ ಬೇಸರಪಡುತ್ತಾರೆ.

ಎಣಿಕೆ ನಿಜವೇ ಆಗಿದ್ದರೂ, ತೊಂದರೆಯಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಈ ವಯಸ್ಸಿನ ಹೆಂಗಸರಲ್ಲಿ ಸಾಮಾನ್ಯ. ಅದನ್ನು ಸೋಂಕು ಎನ್ನುವುದಿಲ್ಲ, ಬೀಡುಬಿಟ್ಟಿದೆ ಎನ್ನುತ್ತೇವೆ. ಗರ್ಭಿಣಿಯರಿಗೆ ಮತ್ತು ಮೂತ್ರನಾಳದ ಒಳಗೆ ರಕ್ತ ಬರುವಂಥ ಶಸ್ತ್ರಕ್ರಿಯೆಗೆ ಒಳಗಾಗುವವರಿಗೆ ಮಾತ್ರ ಅದಕ್ಕೆ ಚಿಕಿತ್ಸೆ ಬೇಕು. ವಾಸನೆ, ಬಣ್ಣ, ರಿಪೋರ್ಟಿನಲ್ಲಿನ ಕೀವಿನ ಕಣಗಳು ಇವು ಒಂಟಿಯಾಗಿ ಚಿಕಿತ್ಸೆಗೆ ಕಾರಣವಾಗುವುದಿಲ್ಲ. ಕಡಿಮೆ ನೀರು ಕುಡಿದರೂ ವಾಸನೆ ಬರುತ್ತದೆ. ಕೊಲಿಸ್ಟಿನ್ ಕೊಟ್ಟರೆ ಕೆಲವು ದಿನ ಮೂತ್ರ ಶುದ್ಧವಾಗಿ ಕಾಣಬಹುದು, ಆದರೆ ಬ್ಯಾಕ್ಟೀರಿಯಾ ಮರಳಿ ಬರುತ್ತದೆ. ನಡುವೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಅಪಾಯ ನಿಜವಾದದ್ದು, 68ರ ವಯಸ್ಸಿನಲ್ಲಿ ಇನ್ನೂ ಹೆಚ್ಚು. ಆ ‘ಐ’ ಅಕ್ಷರಕ್ಕೂ ಅರ್ಥವಿದೆ. ನಮ್ಮ ಬಹುತೇಕ ಲ್ಯಾಬ್‌ಗಳು ಅನುಸರಿಸುವ, ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಮಾನದಂಡದಲ್ಲಿ 2020ರಿಂದ ಈ ಬ್ಯಾಕ್ಟೀರಿಯಾಗಳಿಗೆ ಕೊಲಿಸ್ಟಿನ್ ಮುಂದೆ ‘ಎಸ್’ (ಬಗ್ಗುತ್ತದೆ) ಎಂದು ಬರೆಯುವ ಅವಕಾಶವೇ ಇಲ್ಲ, ಏಕೆಂದರೆ ಅದರ ಪರಿಣಾಮದ ಮೇಲೆ ಅಷ್ಟು ಭರವಸೆಯಿಡಲು ಬರುವುದಿಲ್ಲ. ಪಟ್ಟಿಯಲ್ಲಿ ಉಳಿದಿರುವುದು ಅದೊಂದೇ ಎಂಬ ಕಾರಣಕ್ಕೆ ಅದು ಒಳ್ಳೆಯ ಔಷಧಿಯಾಗುವುದಿಲ್ಲ.

ಮುಂದೆ ಎಂದಾದರೂ ನಿಜವಾದ ಸೋಂಕು ಬಂದರೆ ದಾರಿಗಳಿವೆ. ಬರೀ ಉರಿಮೂತ್ರವಾಗಿ ಜ್ವರವಿಲ್ಲದಿದ್ದರೆ, ಹೊಸ ಕಲ್ಚರ್ ನೋಡಿ ಫಾಸ್ಫೊಮೈಸಿನ್ ಅಥವಾ ನೈಟ್ರೊಫ್ಯುರಾಂಟಾಯಿನ್ ಸಾಕಾಗಬಹುದು. ಇವು ಮೂತ್ರಕೋಶದೊಳಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ, ಜ್ವರ ಬಂದ ಮೇಲೆ ಸಾಲವು. ನೈಟ್ರೊಫ್ಯುರಾಂಟಾಯಿನ್ ಕೊಡುವ ಮುನ್ನ ಮೂತ್ರಪಿಂಡದ ಕೆಲಸ ಪರೀಕ್ಷಿಸಬೇಕು, ಮತ್ತು ಕ್ಲೆಬ್ಸಿಯೆಲ್ಲಾ ಹಲವು ವೇಳೆ ಅದಕ್ಕೆ ಬಗ್ಗುವುದಿಲ್ಲ. ಅಮಿಕಾಸಿನ್ ಕೆಲಸ ಮಾಡುವುದಾದರೆ ಕಡಿಮೆ ದಿನ ಕೊಡಬಹುದು, ಮೂತ್ರಪಿಂಡ ಮತ್ತು ಕಿವಿಯ ಮೇಲೆ ಕಣ್ಣಿಟ್ಟು. ಚಳಿಜ್ವರ, ರಕ್ತದೊತ್ತಡ ಕುಸಿತ ಇದ್ದರೆ ಆಸ್ಪತ್ರೆಗೆ ಸೇರಲೇಬೇಕು. ಆಗ ಯಾವ ಕಿಣ್ವ ಎಂಬುದೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಸೆಫ್ಟಾಜಿಡಿಮ್ ಔಷಧಿಗೆ ಕಿಣ್ವ ತಡೆಯುವ ಅವಿಬ್ಯಾಕ್ಟಮ್ ಸೇರಿಸಿದ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಆಕ್ಸಾ-48 ಅನ್ನು ತಡೆಯುತ್ತದೆ, ಎನ್‌ಡಿಎಂ ಅನ್ನು ತಡೆಯದು. ಅಜ್ಟ್ರಿಯೊನಾಮ್ ಎಂಬ ಇನ್ನೊಂದು ಔಷಧಿಯನ್ನು ಎನ್‌ಡಿಎಂ ಮುರಿಯಲಾರದು, ಆದರೆ ಜೊತೆಗಿರುವ ಇಎಸ್‌ಬಿಎಲ್ ಮುರಿಯುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟಾಗ ಅವಿಬ್ಯಾಕ್ಟಮ್ ಇಎಸ್‌ಬಿಎಲ್ ಅನ್ನು ಕಟ್ಟಿಹಾಕುತ್ತದೆ, ಅಜ್ಟ್ರಿಯೊನಾಮ್ ಗೋಡೆಯ ಕೆಲಸ ನಿಲ್ಲಿಸುತ್ತದೆ. ವೆಚ್ಚ ಬಹಳ, ಆದರೆ ಜೀವ ಉಳಿಸುತ್ತದೆ. ಕಿಣ್ವವನ್ನು ಅರಿತು ಅದಕ್ಕೆ ತಕ್ಕ ಬಲೆ ಹೆಣೆಯುವ ಈ ಕೆಲಸದ ಮೇಲೆ ನನಗೆ ತುಂಬ ನಂಬಿಕೆಯಿದೆ. ನಮ್ಮ ಬೆಂಗಳೂರಿನಲ್ಲೂ ಹೊಸ ಆ್ಯಂಟಿಬಯಾಟಿಕ್‌ಗಳಿಗಾಗಿ ಶ್ರಮಿಸುತ್ತಿರುವವರಿದ್ದಾರೆ.

ಸೋಂಕು ಮರುಕಳಿಸದಂತೆ ಮಾಡಬಹುದಾದ್ದು ಸರಳ. ನೀರು ಸಾಕಷ್ಟು ಕುಡಿಯಲಿ, ಮಲಬದ್ಧತೆ ಆಗದಿರಲಿ, ಮುಟ್ಟು ನಿಂತ ಹೆಂಗಸರಿಗೆ ಪದೇ ಪದೇ ಸೋಂಕಾಗುತ್ತಿದ್ದರೆ ಯೋನಿಯೊಳಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಉಪಯುಕ್ತ. ಸ್ತ್ರೀರೋಗ ತಜ್ಞರನ್ನು ಕೇಳಿ. ಬಾರ್ಲಿ ನೀರು, ಮಜ್ಜಿಗೆ ಕುಡಿಯಲು ಒಳ್ಳೆಯವು, ಆದರೆ ಅವು ಈ ಬ್ಯಾಕ್ಟೀರಿಯಾವನ್ನು ಓಡಿಸುತ್ತವೆಂದು ಕಾಯಬೇಡಿ. ತೊಂದರೆಯಿಲ್ಲದಿದ್ದರೆ ‘ಹೋಯಿತೇ ನೋಡೋಣ’ ಎಂದು ಮತ್ತೆ ಕಲ್ಚರ್ ಮಾಡಿಸುವುದೂ ಬೇಡ.

ಆಸ್ಪತ್ರೆಯ ತಪ್ಪೇ ಎಂಬ ಅನುಮಾನ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಕ್ಯಾಥೆಟರ್ ಒಳಗಿದ್ದ ಪ್ರತಿ ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ 3ರಿಂದ 7ರಷ್ಟು ಏರುತ್ತದೆ, ಆದ್ದರಿಂದ ‘ಇದು ಇಂದೂ ಬೇಕೇ?’ ಎಂದು ಪ್ರತಿ ಬೆಳಿಗ್ಗೆ ಕೇಳುವ ಹಕ್ಕು ರೋಗಿಯ ಮನೆಯವರಿಗಿದೆ. ಆದರೆ ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಆಸ್ಪತ್ರೆಯಿಂದಲೇ ಬಂತೆಂದು ಹೇಳಲಾಗದು. ನೆದರ್ಲೆಂಡ್ಸ್‌ನಿಂದ ಹೊರಟ ಪ್ರವಾಸಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾಕ್ಕೆ ಬಂದುಹೋದವರಲ್ಲಿ ಶೇ 75ರಷ್ಟು ಜನ ಕರುಳಿನಲ್ಲಿ ಹೊಸದಾಗಿ ಇಂಥ ಬ್ಯಾಕ್ಟೀರಿಯಾ ಹೊತ್ತು ಮರಳಿದ್ದರು. ನಮ್ಮ ನೀರು, ನಮ್ಮ ಆಹಾರದ ನಡುವೆ ಆರೋಗ್ಯವಾಗಿರುವ ನಾವೂ ನೀವೂ ಇದನ್ನು ಹೊತ್ತಿರುವ ಸಾಧ್ಯತೆ ಕಡಿಮೆಯೇನಲ್ಲ.

ಮೊಮ್ಮಗಳ ವಿಷಯದಲ್ಲಿ ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ಇಂದಿನಿಂದಲೇ ಕೈತುತ್ತು ಮತ್ತೆ ಶುರುವಾಗಲಿ. ಈ ಬ್ಯಾಕ್ಟೀರಿಯಾ ಗಾಳಿಯಲ್ಲಿ ಹರಡುವುದಿಲ್ಲ. ಕರುಳಿನಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಶೌಚಕ್ಕೆ ಹೋಗಿ ಬಂದ ಮೇಲೆ ಮತ್ತು ಅನ್ನ ಕಲಸುವ ಮುಂಚೆ ಬೆರಳಸಂದಿಗಳಿಗೂ ಉಗುರಿನ ಬುಡಕ್ಕೂ ಸೋಪು ತಾಗುವಂತೆ ತೊಳೆದು ಒರೆಸಿಕೊಂಡರೆ ಸಾಕು. ವಾಕರ್ ಹಿಡಿದಿರುವ ಅವರಿಗೆ ಸಿಂಕಿನ ಬಳಿ ನಿಲ್ಲುವುದು ಕಷ್ಟವಾದರೆ ಒಂದು ಕುರ್ಚಿ, ಒಂದು ಬೋಗುಣಿ ಇಟ್ಟುಕೊಡಿ. ಪ್ರತ್ಯೇಕ ತಟ್ಟೆ ಲೋಟ, ಪ್ರತ್ಯೇಕ ಕೋಣೆ ಬೇಡ. ಆರೋಗ್ಯವಂತ ಮಗುವಿನ ಕರುಳಿಗೆ ಇದು ಸೇರಿದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಕೊನೆಯದಾಗಿ, ಎರಡೂ ರಿಪೋರ್ಟುಗಳನ್ನು ಒಂದು ಫೈಲಿನಲ್ಲಿ ಹಾಕಿ, ಮೇಲೆ ದಿನಾಂಕ ಬರೆದಿಡಿ. ಮುಂದಿನ ಕೆಲವು ತಿಂಗಳಲ್ಲಿ ಯಾವ ಕಾರಣಕ್ಕೆ ಆಸ್ಪತ್ರೆಗೆ ಸೇರಿದರೂ, ಹಲ್ಲಿನ ಚಿಕಿತ್ಸೆಯಾಗಲಿ ಕಣ್ಣಿನ ಪೊರೆಯಾಗಲಿ, ಮೊದಲೇ ಅದನ್ನು ತೋರಿಸಿ. ಚಳಿ ಹತ್ತಿ ನಡುಗುವುದು, 101 ಡಿಗ್ರಿ ದಾಟಿದ ಜ್ವರ, ಪಕ್ಕೆನೋವು, ಮೂತ್ರ ತೀರ ಕಡಿಮೆಯಾಗುವುದು ಅಥವಾ ಇದ್ದಕ್ಕಿದ್ದಂತೆ ಮಂಕಾಗುವುದು ಕಂಡರೆ ಮರುದಿನದ ತನಕ ಕಾಯದೆ ಆ ಫೈಲಿನೊಂದಿಗೆ ಹೊರಡಿ, ಮತ್ತು ಮೊದಲ ಡೋಸ್ ಕೊಡುವ ಮುನ್ನ ರಕ್ತದ ಹಾಗೂ ಮೂತ್ರದ ಕಲ್ಚರ್‌ಗೆ ಮಾದರಿ ತೆಗೆದುಕೊಂಡರೇ ಎಂದು ಕೇಳಿ.